ಐದನೇ ಜಾಗ

ಬರಲಿಕ್ಕಿಲ್ಲ. ಎರಡು ವರ್ಷದಿಂದ ಈ ಕಡೆ ತಲೆ ಹಾಕದ ಆನೆಗಳು ಇವತ್ತೇ ಯಾಕೆ ಬರಬೇಕು? ಗುಡ್ಡದ ಆಚೆ ಮಗ್ಗುಲಲ್ಲಿ ಯಾವುದೋ ಕಂಪನಿಯವರು ಉದ್ದಾನುದ್ದ ಕಾಂಪೌಂಡು ಎಬ್ಬಿಸಿದ್ದಾರೆ. ಅದರ ಪಕ್ಕಕ್ಕೆ ಕಲ್ಲಿನ ಕ್ವಾರಿ. ಬಂಡೆ ಸಿಡಿಸುವ ಸದ್ದಿಗೆ ಮೊಲ ಕೂಡ ನಿಲ್ಲುತ್ತಿಲ್ಲ, ಇನ್ನು ಆನೆ ಬರುತ್ತದೆಯೇ? ಬರಲಿಕ್ಕಿಲ್ಲ. ಆದರೆ ಬರುವುದಿಲ್ಲವೆಂದು ಅವು ಯಾರಿಗಾದರೂ ಹೇಳಿ ಹೋಗಿವೆಯೇ? ಒಂದು ದಾರಿ ಮುಚ್ಚಿದರೆ ಇನ್ನೊಂದನ್ನು ಬಳಸಿಕೊಂಡು ಬರಬಹುದಲ್ಲ. ಕೆಳಗಿನ ಹೊಲಗಳಲ್ಲಿ ರಾಗಿ ತೆನೆ ಬಾಗಿದೆ. ಸುತ್ತಲ ಕಟ್ಟೆಗಳೆಲ್ಲ ಬತ್ತಿವೆ, ಈ ಕೆರೆಯಲ್ಲಿ ಮಾತ್ರ ನೀರು ನಿಂತಿದೆ. ಬಂದರೆ?

ಲಕ್ಷ್ಮಯ್ಯ ಕೆರೆ ಏರಿಯ ಮೇಲೆ ಕೂತು ಇದನ್ನೇ ಹಿಂದಕ್ಕೂ ಮುಂದಕ್ಕೂ ತಿರುವಿ ಹಾಕುತ್ತಿದ್ದ. ಕೈಯಲ್ಲಿ ಮೊಬೈಲಿತ್ತು. ವಿರೂಪಾಕ್ಷಿಪುರ ದಾಟಿ ಕಾಡಿನ ಅಂಚಿಗೆ ಬಂದರೆ ಸಿಗ್ನಲ್ಲು ಸಿಗುವುದು ಈ ಏರಿಯ ಮೇಲೆ ಮಾತ್ರ. ದಿನಾ ಮಧ್ಯಾಹ್ನ ಊಟದ ಹೊತ್ತಿಗೆ, ಕ್ಯಾಂಪು ನಡೆಸುವ ರಾಮನಗರದ ಆಫೀಸಿನಿಂದ ನವ್ಯಶ್ರೀ ಫೋನು ಮಾಡಿ ಆ ದಿನ ಕ್ಯಾಂಪಿಗೆ ಬರುವವರ ಹೆಸರು ಓದುತ್ತಿದ್ದಳು. ಇವತ್ತೂ ಓದಿದ್ದಳು.

"ಫುಲ್ ಆಗ್ಬುಡ್ತು ಲಕ್ಷ್ಮಯ್ಯಣ್ಣ! ಎರಡನೇ ಶನಿವಾರ ನೋಡು, ಐದಕ್ಕೆ ಐದೂ ಬುಕ್ಕು. ಸಾಹೇಬ್ರು ಖುಷಿಯಾಗವ್ರೆ. ಐದನೇದಕ್ಕೆ ನಮ್ಮೂರೋರೇ ಬತ್ತಾವ್ರೆ, ಮುಜೀಬ್ ಅಂತ, ಅವ್ರ ತಾಯಿನೂ ಬತ್ತಾರೆ. ವಯಸ್ಸಾದೋರಂತೆ, ಒಸಿ ನೋಡ್ಕೊ."

ಆಗಿನಿಂದ ಅವನು ಏರಿ ಬಿಟ್ಟು ಇಳಿದಿರಲಿಲ್ಲ.

ಕ್ಯಾಂಪು ಅಂದರೆ ದೊಡ್ಡ ಸಂಗತಿಯೇನಲ್ಲ. ಕೆರೆಯ ಮೂಡಲ ದಡದಲ್ಲಿ ಹುಣಸೆ ಮರಗಳು, ಅವುಗಳ ಕೆಳಗೆ ಮಣ್ಣು ಸಮ ಮಾಡಿ ಟೆಂಟು ಹಾಕಲು ನಾಲ್ಕು ಜಾಗ, ಒಂದು ಅಡಿಗೆ ಶೆಡ್ಡು, ಎರಡು ಕಕ್ಕಸು. ಹುಣಸೆ ಸಾಲಿನ ಕೊನೆಗೆ ಮರಗಳಿಲ್ಲದ ಒಂದು ಬಯಲು. ಹುಲ್ಲು ಹಾಸಿದಂತಿರುವ, ಗುಡ್ಡದಿಂದ ನೀರಿನವರೆಗೂ ಇಳಿಜಾರಾಗಿ ಹರಿದ ಆ ಬಯಲೇ ಐದನೆಯದು. ಅದು ಆನೆಗಳ ಪಾಲು. ಯಾರೂ ಬರೆದಿಟ್ಟಿದ್ದಲ್ಲ. ಲಕ್ಷ್ಮಯ್ಯನಿಗಿಂತ ಮೊದಲು ಇಲ್ಲಿ ಕಾವಲಿದ್ದ ಪುಟ್ಟಸ್ವಾಮಿ ಹಾಗೆ ನಡೆಸಿಕೊಂಡು ಬಂದಿದ್ದ, ಅವನು ಸತ್ತ ಮೇಲೆ ಇವನೂ ಹಾಗೇ ನಡೆಸಿದ. ಜನ ಹುಣಸೆ ಮರದಡಿ ಮಲಗುತ್ತಿದ್ದರು. ಆನೆಗಳು ಬಂದರೆ ಬಯಲಿನಲ್ಲಿ ಇಳಿದು, ನೀರು ಕುಡಿದು, ಬಂದ ದಾರಿಯಲ್ಲೇ ಹತ್ತಿ ಹೋಗುತ್ತಿದ್ದವು. ಇವರ ತಂಟೆಗೆ ಅವು ಬರುತ್ತಿರಲಿಲ್ಲ, ಅವುಗಳ ತಂಟೆಗೆ ಇವರು ಹೋಗುತ್ತಿರಲಿಲ್ಲ.

ಆದರೆ ಎಣಿಸುವಾಗ ಅದನ್ನು ಬಿಟ್ಟು ಎಣಿಸುವಂತಿರಲಿಲ್ಲ. ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಕೊಳಗ ದೇವರದ್ದು. ಮನೆಗೆ ಅದು ಬರುವುದಿಲ್ಲ, ಆದರೂ ಲೆಕ್ಕಕ್ಕೆ ಉಂಟು. ಕೇಳಿದವರಿಗೆ ದೇವರ ಪಾಲು ಸೇರಿಸಿಯೇ ಹೇಳಬೇಕು, ಬಿಟ್ಟು ಹೇಳಿದರೆ ಮುಂದಿನ ವರ್ಷ ಕಣ ತುಂಬುವುದಿಲ್ಲ ಎಂದು ಲಕ್ಷ್ಮಯ್ಯನ ಅಪ್ಪ ನಂಬಿದ್ದ, ಅಜ್ಜನೂ ನಂಬಿದ್ದ. ಬೇಸಿಗೆಯಲ್ಲಿ ಆಫೀಸಿನ ಸಾಹೇಬರ ಜೊತೆ ನವ್ಯಶ್ರೀ ಕ್ಯಾಮೆರಾ ಹಿಡಿದು ಬಂದು, "ಕಂಪ್ಯೂಟರಿಗೆ ಹಾಕ್ಬೇಕು ಅಣ್ಣ, ಒಟ್ಟು ಎಷ್ಟು ಜಾಗ ಐತೆ?" ಎಂದಾಗ ಅವನ ಬಾಯಿಂದ "ಐದು ಕಣವ್ವ" ಎಂದು ತಾನಾಗಿ ಬಂದಿತ್ತು. ಸಾಹೇಬರು ಆಗ ದೂರದಲ್ಲಿ ಕಕ್ಕಸಿನ ಬಾಗಿಲು ನೋಡುತ್ತಿದ್ದರು. ನವ್ಯಶ್ರೀ ಐದೂ ಜಾಗದ ಫೋಟೋ ತೆಗೆದುಕೊಂಡು ಹೋದಳು.

ಆಮೇಲೆ ಒಂದು ದಿನ ಆಫೀಸಿಗೆ ಹೋದಾಗ ಅವಳು ಕರೆದು ತೋರಿಸಿದಳು. ಕಂಪ್ಯೂಟರಿನ ಗಾಜಿನೊಳಗೆ ಬಯಲು ಹಸಿರಾಗಿ ಹೊಳೆಯುತ್ತಿತ್ತು. ಹಿಂದೆ ಕೆರೆ, ಅದರಲ್ಲಿ ಮುಳುಗುತ್ತಿರುವ ಸೂರ್ಯ. ಸಾಹೇಬರು ಹಿಂದಿನಿಂದ ಬಗ್ಗಿ ನೋಡಿ, "ಇದೇ ಬೆಸ್ಟು ನೋಡ್ರಿ. ಇದನ್ನೇ ಮುಂದೆ ಹಾಕಿ. ಇನ್ನೊಂದು ಟೆಂಟು ತರಿಸೋಣ. ಲಕ್ಷ್ಮಯ್ಯ, ಬಂದವರ ಹತ್ತಿರ ಆನೆ ಗೀನೆ ಅಂತ ಹಳೇ ಕತೆ ತೆಗೀಬೇಡಿ, ಜನ ಹೆದರಿಕೊಂಡು ಕ್ಯಾನ್ಸಲ್ ಮಾಡ್ತಾರೆ" ಎಂದರು. ಆಗ ಹೇಳಬಹುದಿತ್ತು. ಅದು ಜಾಗವಲ್ಲ ಸ್ವಾಮಿ, ದಾರಿ ಎನ್ನಬಹುದಿತ್ತು. ಹೊಗಳಿಸಿಕೊಂಡ ಹುಡುಗಿಯ ಮುಖ ನೋಡಿದ, ಸಾಹೇಬರ ಮುಖ ನೋಡಿದ. ಇವರ ಮುಂದೆ ದೇವರ ಕೊಳಗದ ಲೆಕ್ಕ ಹೇಗೆ ಬಿಡಿಸಿ ಹೇಳುವುದು? ನಕ್ಕುಬಿಟ್ಟರೆ? ತಲೆಯಾಡಿಸಿ ಬಂದುಬಿಟ್ಟ.

ಇಷ್ಟು ದಿನ ಹೇಗೋ ನಡೆದಿತ್ತು. ಬರುತ್ತಿದ್ದುದು ಒಂದೋ ಎರಡೋ ಗುಂಪು. ಕಂಪ್ಯೂಟರು ಯಾವ ನಂಬರು ಕೊಟ್ಟಿದ್ದರೂ ಅವರನ್ನು ಹುಣಸೆ ಮರದಡಿಗೇ ಕರೆದುಕೊಂಡು ಹೋಗುತ್ತಿದ್ದ. ಐದನೇ ಟೆಂಟನ್ನು ಸುತ್ತಿದ್ದು ಸುತ್ತಿದ ಹಾಗೇ ಶೆಡ್ಡಿನಲ್ಲಿಟ್ಟಿದ್ದ. ಇವತ್ತು ಮರದಡಿ ಜಾಗವಿಲ್ಲ.

ಅವನು ಮೊಬೈಲು ಒತ್ತಿದ.

"ನವ್ಯಶ್ರೀ, ಆ ಐದನೇದ ಒಸಿ ಕ್ಯಾನ್ಸಲ್ ಮಾಡ್ಬುಡವ್ವ."

"ಅಯ್ಯೋ, ಇವತ್ತಿಂದ ಇವತ್ತು ಹೆಂಗಣ್ಣ? ಸಿಸ್ಟಮ್ಮೇ ಬುಡಲ್ಲ. ಸಾಹೇಬ್ರೇ ಮಾಡ್ಬೇಕು. ಕಾರಣ ಅಂತ ಒಂದು ಬಾಕ್ಸ್ ಬತ್ತದೆ, ಅದ್ರಲ್ಲಿ ಏನಾದ್ರೂ ಬರೀಬೇಕು. ಏನಂತ ಬರೀಲಿ?"

ಕೆರೆಯ ನೀರಿನಲ್ಲಿ ಒಂದು ನೀರುಕಾಗೆ ಮುಳುಗಿ ಎದ್ದಿತು.

"ಅಣ್ಣಾ? ಇದ್ದೀಯಾ ಲೈನಲ್ಲಿ? ಆ ಜಾಗಕ್ಕೆ ಏನಾಗದೆ?"

"ನಲ್ಲಿ ಕೆಟ್ಟೋಗೈತೆ."

"ಅಲ್ಲಿ ನಲ್ಲೀನೇ ಇಲ್ವಲ್ಲಣ್ಣ!" ಅವಳು ನಕ್ಕಳು. "ಬಿಸಿಲಿಗೆ ತಲೆ ಕೆಟ್ಟೈತೆ ನಿಂಗೆ. ಮಜ್ಜಿಗೆ ಕುಡಿ ಹೋಗು."

ಅಡಿಗೆ ಶೆಡ್ಡಿನಲ್ಲಿ ಮುನಿಶಾಮಯ್ಯ ಈರುಳ್ಳಿ ಹೆಚ್ಚುತ್ತ ಕೂತಿದ್ದ. ಕ್ಯಾಂಪಿನ ಅಡಿಗೆಯೆಲ್ಲ ಅವನದೇ. ಲಕ್ಷ್ಮಯ್ಯನ ಓರಗೆಯವನು, ಬಾಯಿಗೆ ಬೀಗವಿಲ್ಲ.

"ಏನ್ಲಾ, ಮಗಳ ಮದುವೆ ನಿಂತೋದಂಗೆ ಮುಖ ಮಾಡ್ಕಂಡಿದ್ದೀಯ?"

"ಐದನೇದಕ್ಕೆ ಜನ ಬತ್ತಾವ್ರೆ ಕಣ್ಲಾ."

ಮುನಿಶಾಮಯ್ಯನ ಚಾಕು ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಆಡಿತು. ಆನೆಗಳನ್ನು ಅವನು ದೊಡ್ಡೋರು ಎಂದೇ ಕರೆಯುತ್ತಿದ್ದ.

"ಬರ್ಲಿ ಬುಡು. ದೊಡ್ಡೋರು ಈಗೆಲ್ಲವ್ರೆ? ಅವರ ದಾರಿಗೆ ಅಷ್ಟುದ್ದ ಗೋಡೆ ಹಾಕ್ಬುಟ್ಟವ್ರೆ. ಗೇಟಲ್ಲಿ ಯೂನಿಫಾರಂ ಹಾಕ್ಕಂಡು ವಾಚ್‌ಮನ್ನು ನಿಂತವ್ನೆ. ಪಾಸಿಲ್ದೆ ನನ್ನೇ ಒಳಿಕ್ಕೆ ಬುಡ್ನಿಲ್ಲ, ಅವುಕ್ಕೆ ಬುಟ್ಟಾನಾ?"

ಲಕ್ಷ್ಮಯ್ಯ ನಗಲು ನೋಡಿದ. ತುಟಿ ಮಾತ್ರ ಅಲುಗಿತು.

ಬಿಸಿಲು ಇಳಿಯುವ ಹೊತ್ತಿಗೆ ಒಬ್ಬೊಬ್ಬರಾಗಿ ಬಂದರು. ಬೆಂಗಳೂರಿನ ಹುಡುಗರು ಎರಡು ಜಾಗ ಹಿಡಿದಿದ್ದರು, ಇನ್ನೆರಡಕ್ಕೆ ಮಕ್ಕಳೊಂದಿಗರು. ಎಲ್ಲರ ಕೈಯಲ್ಲೂ ಪ್ರಿಂಟು ತೆಗೆದ ಕಾಗದ, ಕಾಗದದ ಮೇಲೆ ನಂಬರು. ಹುಡುಗರನ್ನು ಒಂದೇ ಜಾಗದಲ್ಲಿ ಹೊಂದಿಕೊಳ್ಳಲು ಲಕ್ಷ್ಮಯ್ಯ ಕೇಳಿ ನೋಡಿದ. "ಎರಡು ಬುಕ್ ಮಾಡಿದ್ದೀವಿ ಅಂಕಲ್, ಎರಡು ಬೇಕು" ಎಂದು ಅವರು ಕಾಗದವನ್ನೇ ಮುಂದೆ ಹಿಡಿದರು.

ಕೊನೆಗೆ ಒಂದು ಹಳೆಯ ಮಾರುತಿ ವ್ಯಾನು ಕುಲುಕುತ್ತ ಬಂದು ನಿಂತಿತು. ಇಳಿದವನು ಮುಜೀಬ್, ಮೂವತ್ತರ ಆಸುಪಾಸಿನ ತೆಳ್ಳಗಿನ ಮನುಷ್ಯ. ಹಿಂದಿನ ಬಾಗಿಲು ಎಳೆದು ತಾಯಿ ರಹೀಮಾಳನ್ನು ಕಂಕುಳಿಗೆ ಕೈ ಕೊಟ್ಟು ಇಳಿಸಿದ. ರಹೀಮಾ ಎರಡು ಹೆಜ್ಜೆ ಹಾಕಿ ನಿಂತು ಮೊಣಕಾಲು ಹಿಡಿದುಕೊಂಡಳು. ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು ಮೂಗಿನಿಂದ ಗಾಳಿ ಎಳೆದಳು. ಮತ್ತೆ ಎಳೆದಳು.

"ಮುಜೀಬ್, ವಾಸನೆ ಇಲ್ಲ ಕಣೋ," ಎಂದಳು ದೊಡ್ಡ ದನಿಯಲ್ಲಿ.

ಮುಜೀಬ್ ಲಕ್ಷ್ಮಯ್ಯನ ಕಡೆ ತಿರುಗಿ ನಕ್ಕ. "ಗೂಡು ಬೇಯ್ಸಿ ರೇಷ್ಮೆ ಬಿಚ್ಚೋ ಮನೆ ಅಣ್ಣ ನಮ್ದು. ಹುಟ್ಟಿದಾಗಿಂದ ಅಮ್ಮಂಗೆ ಆ ಹೊಗೆ, ಆ ಹುಳದ ನಾತ. ಈಗ ಕೆಮ್ಮು. ಒಂದು ರಾತ್ರಿ ಆದ್ರೂ ಒಳ್ಳೆ ಗಾಳೀಲಿ ಮಲಗಿಸು ಅಂತ ಡಾಕ್ಟ್ರು. ಸೈಬರ್ ಸೆಂಟರಲ್ಲಿ ಇಲ್ಲಿನ ಫೋಟೋ ತೋರ್ಸಿದೆ, ಇದೇ ಜಾಗ ಬೇಕು ಅಂತ ಹಟ ಹಿಡ್ದವ್ರೆ. ಒಸಿ ಜೋರಾಗಿ ಮಾತಾಡಿ, ಯಂತ್ರದ ಸದ್ದಿಗೆ ಕಿವಿ ಮಂದ ಆಗೋಗದೆ."

ಲಕ್ಷ್ಮಯ್ಯ ಮುದುಕಿಯ ಕಡೆ ತಿರುಗಿದ. "ಅಲ್ಲಿ ಬ್ಯಾಡಿ ಅಮ್ಮಾ. ತೇವ ಜಾಸ್ತಿ."

"ಏನು?"

"ತೇವ! ತೇವ ಐತೆ!"

"ನಲವತ್ತು ವರ್ಷ ಬಿಸಿನೀರಲ್ಲಿ ಕೈ ಇಟ್ಕೊಂಡು ಕೂತಿದ್ದೀನಪ್ಪಾ, ತೇವ ನನ್ನನ್ನ ಏನು ಮಾಡ್ತದೆ?"

"ಹಾವವೆ ಅಮ್ಮಾ. ಇರುವೆ ಗೂಡವೆ."

"ಹಾವು ಇದ್ರೆ ಇರುವೆ ಇರಲ್ಲ, ಇರುವೆ ಇದ್ರೆ ಹಾವು ಇರಲ್ಲ. ಯಾವುದಾದ್ರೂ ಒಂದು ಹೇಳು," ಎಂದಳು ಮುದುಕಿ. ಮುಜೀಬ್ ಜೋರಾಗಿ ನಕ್ಕ.

"ಅಡಿಗೆ ಶೆಡ್ಡಲ್ಲಿ ಮಲಗಿ. ಬೆಚ್ಚಗಿರ್ತೈತೆ."

"ಹೊಗೆ ಬಿಟ್ಟು ಬಂದು ಹೊಗೇಲಿ ಮಲಗಲಾ?" ಈಗ ಅವಳ ದನಿಯಲ್ಲಿ ನಗೆಯಿರಲಿಲ್ಲ. ಅವನ ಮುಖವನ್ನು ನೋಡಿದಳು. "ಯಾಕಪ್ಪಾ, ನಾವು ಅಲ್ಲಿ ಇರೋದು ನಿಂಗೆ ಇಷ್ಟ ಇಲ್ವಾ? ನಮ್ಮಂಥೋರಿಗೆ ಕೊಡಬಾರದು ಅಂತ ಯಾರಾದ್ರೂ ಹೇಳವ್ರಾ?"

ಲಕ್ಷ್ಮಯ್ಯನಿಗೆ ಕಪಾಳಕ್ಕೆ ಬಿದ್ದಂತಾಯಿತು. "ಅಯ್ಯೋ ಸಿವನೇ, ಹಂಗಲ್ಲ ಅಮ್ಮಾ," ಎಂದ. ಮುಂದಿನ ಮಾತು ನಾಲಿಗೆಯ ಮೇಲಿತ್ತು. ಆನೆ ಎಂದರೆ ಸಾಕು. ಆದರೆ ಹಾಗೆ ಹೇಳಿದರೆ ಮುಜೀಬ್ ಕೂಡಲೇ ಆಫೀಸಿಗೆ ಫೋನು ಮಾಡುತ್ತಾನೆ. ಆನೆ ದಾರೀಲಿ ಜಾಗ ಮಾಡಿದವರು ಯಾರು ಎಂದು ಕೇಳುತ್ತಾನೆ. ಸಾಹೇಬರು ನವ್ಯಶ್ರೀಯನ್ನು ಕೇಳುತ್ತಾರೆ, ಅವಳು ಇವನ ಹೆಸರು ಹೇಳುತ್ತಾಳೆ. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆಯಾ ಎಂದು ಅಲ್ಲಿಗೇ ಕೆಲಸ ಮುಗಿಯುತ್ತದೆ. ಎರಡು ವರ್ಷದಿಂದ ಬಂದಿಲ್ಲವಲ್ಲ. ಬರಲಿಕ್ಕಿಲ್ಲ.

"ನಡೀರಿ," ಎಂದು ಅವನು ಶೆಡ್ಡಿನಿಂದ ಐದನೇ ಟೆಂಟನ್ನು ಹೊತ್ತು ತಂದ.

ಗೂಟ ಹೊಡೆಯುವಾಗ ಮಣ್ಣು ಕಲ್ಲಿನಂತಿತ್ತು. ಎಷ್ಟು ತಲೆಮಾರು ತುಳಿದು ಗಟ್ಟಿ ಮಾಡಿದ ನೆಲವೋ. ಗೂಟ ಇಳಿಯಲೊಲ್ಲದೆ ವಾಲುತ್ತಿತ್ತು. ಟೆಂಟು ನಿಂತ ಮೇಲೆ ಒಳಗೊಂದು ಕಬ್ಬಿಣದ ಮಂಚ, ಹಾಸಿಗೆ ಹಾಕಿ, ಟೆಂಟಿನ ಮುಂದೆ, ಕೆರೆಯ ಕಡೆಗೆ, ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ರಹೀಮಾಳನ್ನು ಕೂರಿಸಿದರು. ಅವಳು ಕೈಗಳನ್ನು ಮಡಿಲಲ್ಲಿಟ್ಟು ನೀರನ್ನು ನೋಡಿದಳು. ಬಿಸಿನೀರಿನಲ್ಲಿ ಬೆಂದು ಬೆಂದು ಬೆರಳ ತುದಿಗಳು ಬಿಳಿಚಿ ನೆರಿಗೆಗಟ್ಟಿದ್ದವು. ಆ ಮುಖದಲ್ಲಿ ಎಷ್ಟು ನೆಮ್ಮದಿಯಿತ್ತೆಂದರೆ ಲಕ್ಷ್ಮಯ್ಯ ಅಲ್ಲಿಂದ ಎದ್ದು ದೂರ ಹೋದ.

ಹೊತ್ತು ಕೆಂಪಾಗುವಾಗ ಗುಡ್ಡದ ಆಚೆಯಿಂದ ಒಂದು ಸದ್ದು ಬಂತು. ದಡ್ ಎಂದು ಒಂದು, ಸ್ವಲ್ಪ ಬಿಟ್ಟು ಇನ್ನೊಂದು. ಅವನು ತಲೆ ಎತ್ತಿದ.

"ಕ್ವಾರಿ ಕಣ್ಲಾ," ಎಂದ ಮುನಿಶಾಮಯ್ಯ ಒಲೆ ಊದುತ್ತ.

"ಕ್ವಾರಿಯೋರು ಮೊದ್ಲು ಸೈರನ್ ಹಾಕ್ತಾರೆ."

ಮುನಿಶಾಮಯ್ಯ ಊದುಗೊಳವೆ ಕೆಳಗಿಟ್ಟ. ಮತ್ತೆ ಸದ್ದಾಯಿತು. ಈಗ ಜೊತೆಗೆ ಇನ್ನೂ ಏನೋ ಕೇಳಿಸಿತು. ತಗಡು ಬಡಿಯುತ್ತಿದ್ದರು. ತುಂಬಾ ದೂರದಲ್ಲಿ, ಜನ ಹೋ ಹೋ ಎಂದು ಕೂಗುತ್ತಿದ್ದರು. ಅದು ಬಂಡೆ ಸಿಡಿಸಿದ್ದಲ್ಲ, ಪಟಾಕಿ. ರಾಗಿ ಹೊಲಕ್ಕೆ ಬಿದ್ದ ಆನೆಗಳನ್ನು ಆಚೆ ಊರಿನವರು ಅಟ್ಟುತ್ತಿದ್ದರು. ಅಲ್ಲಿಂದ ಅಟ್ಟಿದರೆ ಅವು ಇಳಿಯುವುದು ಎಲ್ಲಿಗೆಂದು ಇಬ್ಬರಿಗೂ ಗೊತ್ತಿತ್ತು.

"ನೀನು ಮರದಡಿಯೋರ್ನೆಲ್ಲ ಒಳಿಕ್ಕೆ ಕಳ್ಸು. ಹಾಡು ಗೀಡು ನಿಲ್ಸು, ಬೆಂಕಿ ಆರ್ಸು," ಎಂದು ಲಕ್ಷ್ಮಯ್ಯ ಎದ್ದ. ಓಡಬೇಕೆಂದುಕೊಂಡ. ಕಾಲು ಓಡಲಿಲ್ಲ, ಬೇಗ ಬೇಗ ನಡೆದವು ಅಷ್ಟೇ.

ದಾರಿಯಲ್ಲಿ ಮುಜೀಬ್ ಎದುರಾದ. ಕೈಯಲ್ಲಿ ಫ್ಲಾಸ್ಕಿತ್ತು. "ಟೀ ತರೋಕೆ ಹೋಗ್ತಿದ್ದೆ ಅಣ್ಣ. ಅಮ್ಮ ನಮಾಜಿಗೆ ಕೂತವ್ರೆ, ಮುಗಿಯೋ ಹೊತ್ತಿಗೆ..."

ಲಕ್ಷ್ಮಯ್ಯ ಅವನ ತೋಳು ಹಿಡಿದು ಕೊನೆಯ ಹುಣಸೆ ಮರದ ಬುಡಕ್ಕೆ ಎಳೆದ. ಆಗ ಅವನಿಗೆ ಅರಿವಾಯಿತು, ಕೆರೆಯ ಕಪ್ಪೆಗಳು ಸುಮ್ಮನಾಗಿದ್ದವು. ಜೀರುಂಡೆಯೂ ಇಲ್ಲ. ಹಿಂದೆ ಹುಡುಗರ ಮೊಬೈಲಿನ ಹಾಡು ಅರ್ಧಕ್ಕೆ ಕತ್ತರಿಸಿತು. ಅಷ್ಟು ದೊಡ್ಡ ಬಯಲಿನಲ್ಲಿ ಒಂದು ಎಲೆಯೂ ಸದ್ದು ಮಾಡುತ್ತಿರಲಿಲ್ಲ. ಆ ಮೌನ ಯಾರೋ ಉಸಿರು ಹಿಡಿದುಕೊಂಡು ನಿಂತ ಹಾಗಿತ್ತು.

ಮೊದಲು ಬಂದದ್ದು ವಾಸನೆ. ಹಸಿ ಸೊಪ್ಪು, ಲದ್ದಿ, ಕೆಸರು ಕೂಡಿದ ಬಿಸಿ ವಾಸನೆ. ಆಮೇಲೆ ಟೆಂಟಿನ ಹಿಂದಿದ್ದ ಪೊದೆಗಳ ಕತ್ತಲು ಅಲುಗಿತು. ಒಂದು ತುಂಡು ಕತ್ತಲು ಬೇರೆಯಾಗಿ ಬಯಲಿಗೆ ಬಂತು. ದೊಡ್ಡ ಹೆಣ್ಣಾನೆ. ಹಿಂದೆ ಮತ್ತೊಂದು, ಅದರ ಕಾಲುಗಳ ನಡುವೆ ಮರಿ. ಅವುಗಳ ಹಿಂದೆ ಇನ್ನೂ ಇದ್ದವು.

ಮುಜೀಬನ ಕೈಯಿಂದ ಫ್ಲಾಸ್ಕು ಹುಲ್ಲಿನ ಮೇಲೆ ಬಿತ್ತು. ಅವನು ಬಾಯಿ ತೆರೆದ. ಲಕ್ಷ್ಮಯ್ಯ ಅಂಗೈಯಿಂದ ಆ ಬಾಯಿಯನ್ನು ಒತ್ತಿ ಹಿಡಿದ. "ಕೂಗ್ಬ್ಯಾಡ. ಮರಿ ಐತೆ. ಕೂಗಿದ್ರೆ ತುಳೀತವೆ," ಎಂದು ಕಿವಿಯಲ್ಲಿ ಉಸುರಿದ. ಅಂಗೈಯ ಕೆಳಗೆ ಮುಜೀಬನ ಹಲ್ಲುಗಳು ಕಟಕಟ ಎನ್ನುತ್ತಿದ್ದವು.

ರಹೀಮಾ ಕುರ್ಚಿಯಲ್ಲಿ ಕೂತೇ ನಮಾಜು ಮಾಡುತ್ತಿದ್ದಳು. ಮೊಣಕಾಲು ಮಡಚಲಾಗದವರು ಹಾಗೆ ಮಾಡುತ್ತಾರೆ. ಮುಖ ಪಡುವಣಕ್ಕೆ, ಕೆರೆಯ ಕಡೆಗಿತ್ತು. ಬೆನ್ನು ಆನೆಗಳ ಕಡೆಗೆ. ಸೊಂಟದಿಂದ ಮುಂದಕ್ಕೆ ಬಾಗಿದಳು, ಎದ್ದಳು, ಮತ್ತೆ ಬಾಗಿದಳು. ಮಂದವಾದ ಕಿವಿಗೆ ಏನೂ ಕೇಳಿಸಿರಲಿಲ್ಲ.

ಮುಂದಾಳು ಆನೆ ಟೆಂಟಿನ ಹತ್ತಿರ ನಿಂತಿತು. ತನ್ನ ದಾರಿಯಲ್ಲಿ ಇದೇನು ಎಂಬಂತೆ ಸೊಂಡಿಲಿನಿಂದ ಹಗ್ಗವನ್ನು ಮುಟ್ಟಿತು. ಗೂಟ ಸರಕ್ಕನೆ ಕಿತ್ತು ಬಂತು. ಅದು ಬಳಸಿಕೊಂಡು ಮುಂದೆ ಬಂದು ಕುರ್ಚಿಯ ಹಿಂದೆ ನಿಂತಿತು. ಸೊಂಡಿಲು ಎತ್ತಿ ಮುದುಕಿಯ ತಲೆಯ ಮೇಲೆ ಗಾಳಿಯಲ್ಲಿ ಆಡಿಸಿತು. ಅವಳ ಸೆರಗು ಆ ಉಸಿರಿಗೆ ಹಾರಿ ಹೆಗಲ ಮೇಲೆ ಬಿತ್ತು. ಅವಳು ತಲೆ ಎತ್ತಲಿಲ್ಲ. ತುಟಿಗಳು ಅಲುಗುತ್ತಲೇ ಇದ್ದವು.

ನಾನು ಹೋಗಬೇಕು, ಎಂದುಕೊಂಡ ಲಕ್ಷ್ಮಯ್ಯ. ಈಗ ಹೋಗಬೇಕು. ಕಾಲುಗಳಿಗೆ ಅದು ತಲುಪಲಿಲ್ಲ. ಪುಟ್ಟಸ್ವಾಮಿ ಇದ್ದಿದ್ದರೆ ಏನು ಮಾಡುತ್ತಿದ್ದ? ಪುಟ್ಟಸ್ವಾಮಿ ಇದ್ದಿದ್ದರೆ ಅಲ್ಲಿ ಕುರ್ಚಿಯೇ ಇರುತ್ತಿರಲಿಲ್ಲ.

ಆನೆ ಅವಳ ಬಲಗಡೆಗೆ ಸರಿದು ಬಂತು. ಅದೇ ಹೊತ್ತಿಗೆ ನಮಾಜು ಮುಗಿಯಿತು. ಮುಗಿಸುವಾಗ ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ ಮುಖ ತಿರುಗಿಸಿ ಸಲಾಂ ಹೇಳಬೇಕು. ರಹೀಮಾ ಬಲಕ್ಕೆ ತಿರುಗಿದಳು. ಅವಳ ಮುಖದ ಮಟ್ಟಕ್ಕೆ ಆನೆಯ ಮೊಣಕಾಲಿತ್ತು. "ಅಸ್ಸಲಾಮು ಅಲೈಕುಂ..." ಎಂಬ ದೊಡ್ಡ ದನಿ ಬಯಲಿನಲ್ಲಿ ಸ್ಪಷ್ಟವಾಗಿ ಕೇಳಿಸಿ ಅಲ್ಲಿಗೇ ನಿಂತಿತು. ಎಡಕ್ಕೆ ಅವಳು ತಿರುಗಲಿಲ್ಲ. ಕುತ್ತಿಗೆ ಹಾಗೇ ಉಳಿಯಿತು. ಮಡಿಲ ಮೇಲಿನ ಕೈಗಳು ಮಾತ್ರ ಒಂದನ್ನೊಂದು ಹುಡುಕಿ ಹಿಡಿದುಕೊಂಡವು.

ಆನೆ ಕಿವಿ ಬೀಸಿತು. ಅವಳನ್ನು ದಾಟಿ ನೀರಿಗೆ ಇಳಿಯಿತು. ಉಳಿದವು ಅದರ ಹಿಂದೆ ಒಂದೊಂದಾಗಿ ಕುರ್ಚಿಯನ್ನು ಸವರಿಕೊಂಡು ಇಳಿದವು. ಮರಿ ಕ್ಷಣ ನಿಂತು ಪ್ಲಾಸ್ಟಿಕ್ ಕಾಲನ್ನು ಮೂಸಿತು, ತಾಯಿ ಅದನ್ನು ತಳ್ಳಿಕೊಂಡು ಹೋಯಿತು.

ನೀರು ಹೀರುವ ಸದ್ದು ಕೇಳಿಸಿದ ಮೇಲೆ ಲಕ್ಷ್ಮಯ್ಯನ ಕಾಲು ಬಿಟ್ಟುಕೊಂಡವು. ಕುಡಿದ ಮೇಲೆ ಅವು ಇದೇ ದಾರಿಯಲ್ಲಿ ಹತ್ತುತ್ತವೆ. ಮುಜೀಬನನ್ನು ಮರಕ್ಕೆ ಒತ್ತಿ, "ಇಲ್ಲೇ ಇರು" ಎಂದು, ಬಗ್ಗಿಕೊಂಡು ಬಯಲಿಗೆ ಹೋದ. ಏನೂ ಮಾತಾಡದೆ ಮುದುಕಿಯ ಮುಂದೆ ಬೆನ್ನು ಕೊಟ್ಟು ಕುಕ್ಕರಿಸಿದ. ಅವಳು ಒಂದು ಮಾತೂ ಕೇಳದೆ ಅವನ ಕೊರಳಿಗೆ ತೋಳು ಹಾಕಿದಳು. ಅವಳಲ್ಲಿ ಭಾರವೇ ಇರಲಿಲ್ಲ. ಮರದ ಬುಡ ಮುಟ್ಟುವವರೆಗೂ ಅವನು ಹಿಂದೆ ನೋಡಲಿಲ್ಲ. ಬೆನ್ನಿಗೆ ಆನಿಸಿದ ಅವಳ ಎದೆ ಹಕ್ಕಿಯ ಎದೆಯಂತೆ ಬಡಿಯುತ್ತಿತ್ತು.

ಆನೆಗಳು ಹತ್ತುವಾಗ ಆಚೆಯಿಂದ ಮತ್ತೊಂದು ಪಟಾಕಿ ಸಿಡಿಯಿತು. ಹಿಂದಿದ್ದ ಗಂಡಾನೆ ಬೆಚ್ಚಿ ಟೆಂಟಿನ ಮೇಲೆಯೇ ನಡೆಯಿತು. ಕಬ್ಬಿಣದ ಮಂಚ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಆಮೇಲೆ ಎಲ್ಲ ಕತ್ತಲಲ್ಲಿ ಕರಗಿತು. ಬಹಳ ಹೊತ್ತಾದ ಮೇಲೆ ಒಂದು ಕಪ್ಪೆ ವಟಗುಟ್ಟಿತು.

ಬೆಳಕು ಹರಿದಾಗ ಟೆಂಟು ನೆಲಕ್ಕೆ ಅಂಟಿಸಿದ ಕಾಗದದಂತೆ ಬಿದ್ದಿತ್ತು. ಹಾಸಿಗೆಯ ನಡುವೆ ಒಂದು ಹೆಜ್ಜೆ ಗುರುತು, ಅದರಲ್ಲಿ ಕೆರೆಯ ಕೆಸರು ಮೆತ್ತಿತ್ತು. ಬೆಂಗಳೂರಿನ ಹುಡುಗರು ಅದರ ಫೋಟೋ ತೆಗೆದುಕೊಂಡರು. ಮುಜೀಬ್ ಲಕ್ಷ್ಮಯ್ಯನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ. "ನೀವಿಲ್ದಿದ್ರೆ ನಮ್ಮಮ್ಮ ಇರ್ತಿರ್ಲಿಲ್ಲ ಅಣ್ಣ." ಲಕ್ಷ್ಮಯ್ಯ ಕೈ ಬಿಡಿಸಿಕೊಳ್ಳಲು ನೋಡಿದ. ಮುಜೀಬ್ ಬಿಡಲಿಲ್ಲ.

ರಹೀಮಾ ವ್ಯಾನಿನಲ್ಲಿ ಬಾಗಿಲು ತೆರೆದುಕೊಂಡು ಕೂತಿದ್ದಳು. ಟೀ ಲೋಟ ಅವಳ ಕೈಯಲ್ಲಿ ನಿಲ್ಲುತ್ತಿರಲಿಲ್ಲ. "ಹಿಂದೆ ಉಸಿರು ಬಿಸಿಯಾಗಿ ಬಂತಪ್ಪಾ," ಎಂದಳು. ರಾತ್ರಿಯಿಂದ ಅವಳ ದನಿ ಚಿಕ್ಕದಾಗಿತ್ತು. "ನೀನೇ ಬಂದು ನಿಂತಿದ್ದೀ ಅಂದ್ಕೊಂಡೆ. ಹಾವು, ತೇವ, ಇರುವೆ... ಮತ್ತೆ ಏನೋ ಹೇಳೋಕೆ ಬಂದಿದ್ದೀ, ನಮಾಜು ಮುಗೀಲಿ ಅಂತ ಕಾಯ್ತಿದ್ದೀ ಅಂತ."

ಅವನು ಲೋಟವನ್ನು ಅವಳ ಕೈಯಿಂದ ತೆಗೆದು ಕೆಳಗಿಟ್ಟ.

ಮುಜೀಬ್ ಏರಿಯ ಮೇಲೆ ನಿಂತು ಫೋನಿನಲ್ಲಿ ಕೂಗಾಡುತ್ತಿದ್ದ. ಭಾನುವಾರವಾದರೂ ಸಾಹೇಬರು ಆಫೀಸಿಗೆ ಬಂದಿದ್ದರು, ನವ್ಯಶ್ರೀಯನ್ನೂ ಕರೆಸಿದ್ದರು. "ಆನೆ ದಾರೀಲಿ ಟೆಂಟ್ ಹಾಕ್ಸಿ ದುಡ್ಡು ತಗೋತೀರಾ? ಯಾರ್ರೀ ಅದನ್ನ ಕಂಪ್ಯೂಟರಿಗೆ ಹಾಕಿದ್ದು? ಏನು, ನಿಮ್ಮ ಆಫೀಸಿನ ಹುಡುಗೀನಾ? ಇಲ್ಲಿ ಕಾವಲಿನೋರು ಬ್ಯಾಡ ಬ್ಯಾಡ ಅಂತ ಎಷ್ಟು ಹೇಳುದ್ರು ಗೊತ್ತಾ? ಅವರ ಮಾತು ಕೇಳ್ಬೇಕಿತ್ತು." ಆಮೇಲೆ ಕೈ ಬೀಸಿ ಲಕ್ಷ್ಮಯ್ಯನನ್ನು ಕರೆದು ಫೋನು ಕೊಟ್ಟ. "ನಿಮ್ಮನ್ನ ಕೇಳ್ತಾವ್ರೆ ಅಣ್ಣ."

ಲಕ್ಷ್ಮಯ್ಯ ಕಿವಿಗಿಟ್ಟುಕೊಂಡ. ಆ ಕಡೆ ನವ್ಯಶ್ರೀ ಅತ್ತಿದ್ದಳು. ಮೂಗು ಕಟ್ಟಿದ ದನಿ.

"ಅಣ್ಣಾ, ಸಾಹೇಬ್ರು ಪಕ್ಕದಲ್ಲೇ ಅವ್ರೆ. ನಾನೇ ನಾಲ್ಕನ್ನ ಐದು ಮಾಡ್ದೆ ಅಂತಾವ್ರೆ. ಆವತ್ತು ನಾನು ಕೇಳ್ದಾಗ ನೀನು ಎಷ್ಟು ಅಂದೆ? ಅದೊಂದು ಹೇಳ್ಬುಡಣ್ಣ. ಸ್ಪೀಕರ್ ಹಾಕಿದ್ದೀನಿ."

ಮುಜೀಬ್ ಅವನನ್ನೇ ನೋಡುತ್ತಿದ್ದ. ಆ ಕಣ್ಣಿನಲ್ಲಿ ಇನ್ನೂ ಕೃತಜ್ಞತೆ ಇತ್ತು. ಕೆಳಗೆ ವ್ಯಾನಿನ ಬಾಗಿಲಲ್ಲಿ ರಹೀಮಾ ಕೂತಿದ್ದಳು. ಅವಳೂ ಈ ಕಡೆಗೇ ನೋಡುತ್ತಿದ್ದಳು. ಅಷ್ಟು ದೂರಕ್ಕೆ ಅವಳಿಗೆ ಏನೂ ಕೇಳಿಸುವುದಿಲ್ಲವೆಂದು ಗೊತ್ತಿದ್ದರೂ ಲಕ್ಷ್ಮಯ್ಯ ಬೆನ್ನು ತಿರುಗಿಸಿದ.

"ಅಣ್ಣಾ? ಇದ್ದೀಯಾ ಲೈನಲ್ಲಿ?"

"ಹಲೋ," ಎಂದ. "ಹಲೋ. ಕೇಳಿಸ್ತಾ ಇಲ್ಲ ಕಣವ್ವ."

"ನಂಗೆ ಚೆನ್ನಾಗಿ ಕೇಳಿಸ್ತಾ ಐತಲ್ಲಣ್ಣ."

"ಇಲ್ಲಿ ಸಿಗ್ನಲ್ ಸರಿಗಿಲ್ಲ," ಎಂದು ಅವನು ಕೆಂಪು ಗುಂಡಿ ಒತ್ತಿದ.

ಆ ವಾರದಲ್ಲೇ ಕಂಪ್ಯೂಟರಿನಿಂದ ಐದನೇ ಜಾಗವನ್ನು ತೆಗೆದುಹಾಕಿದರಂತೆ. ಬಯಲಿನಲ್ಲಿ ಹುಲ್ಲು ಮತ್ತೆ ಎದ್ದಿತು. ಆನೆಗಳ ಭಯ ಲಕ್ಷ್ಮಯ್ಯನನ್ನು ಬಿಟ್ಟು ಹೋಯಿತು, ಊಟದ ಹೊತ್ತಿಗೆ ಮೊಬೈಲು ಹೊಡೆದುಕೊಂಡರೆ ಮಾತ್ರ ಎದೆ ಧಸಕ್ಕೆನ್ನುತ್ತಿತ್ತು. ಈಗ ಹೆಸರು ಓದುತ್ತಿದ್ದುದು ಯಾರೋ ಗಂಡಸಿನ ದನಿ. "ನವ್ಯಶ್ರೀ ಎಲ್ಲಿ?" ಎಂದು ಅವನು ಕೇಳಲಿಲ್ಲ. ಆ ದನಿ ತಾನಾಗಿಯೇ ಒಂದು ದಿನ, "ಆ ಹುಡುಗೀನ ಕೆಲಸದಿಂದ ಬಿಡಿಸಿದ್ರು, ಲೆಕ್ಕ ತಪ್ಪು ಹಾಕಿದ್ಲಂತೆ," ಎಂದಿತು. ಲಕ್ಷ್ಮಯ್ಯ "ಹೂಂ" ಎಂದ.

ವರ್ಷ ತುಂಬುವ ಹೊತ್ತಿಗೆ ರಾಮನಗರದ ರೇಷ್ಮೆ ಮಾರುಕಟ್ಟೆಯ ಹತ್ತಿರ ಮುಜೀಬ್ ಸಿಕ್ಕಿದ. ಮನೆಗೆ ಕರೆದುಕೊಂಡು ಹೋಗಿ ಟೀ ಕೊಡಿಸಿದ, ಬಂದವರಿಗೆಲ್ಲ "ಅಮ್ಮನ್ನ ಹೊತ್ಕೊಂಡು ಬಂದ ಅಣ್ಣ ಇವರೇ" ಎಂದು ತೋರಿಸಿದ. ರಹೀಮಾ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದು ಅವನ ತಲೆಯ ಮೇಲೆ ಕೈಯಿಟ್ಟಳು. ಆ ಕೈ ಇನ್ನೂ ನಡುಗುತ್ತಿತ್ತು. ಆಮೇಲೂ ಅವನು ಹಲವು ಸಲ ಆ ಬೀದಿಯಲ್ಲಿ ಹಾದುಹೋದ.

ಐದು ಎಂದದ್ದು ತಾನೇ ಎಂದು ಲಕ್ಷ್ಮಯ್ಯ ಯಾರಿಗೂ, ಯಾವತ್ತೂ ಹೇಳಲಿಲ್ಲ.